ಹೋಯ್

ಕೊಂಕಣಿಯೊಳಗ 'ಹೋಯ್' ಅಂದ್ರ ಹೌದು.
ನಂಗಿದನ್ನ ಕಲಿಸಿದಾಂವ ಪುಕ್ಕಟೆ ವಕೀಲ,
ಪಣಜಿ ಕೋರ್ಟಿನ ಮೆಟ್ಟಿಲ ಮ್ಯಾಲ,
ಅರ್ಧ ಹಿಂದಿ, ಅರ್ಧ ಕೈಸನ್ನಿ,
ಇನ್ನೊಂದು ಕೈಯಾಗ ಆರಿದ ಚಹಾ.
ಏಳು ತಿಂಗಳು ಒಳಗ ಇದ್ದೀ ಹುಲಿಗೆಮ್ಮಾ,
ಕೇಸು ನಡೆಸಿದ್ರ ಇನ್ನೂ ಎರಡು ವರ್ಷ.
ಒಪ್ಪಿಕೊಂಡ್ರ ಕಳೆದದ್ದ ಶಿಕ್ಷೆ, ಸಂಜಿಗೆ ಮನಿ.
ಸಾಹೇಬ್ರು ಕೇಳ್ತಾರ, ಹೋಯ್ ಅನ್ನು. ಅಷ್ಟ.

ಮಗಳು ಆರು ವರ್ಷದಾಕಿ,
ದ್ಯಾಮಕ್ಕನ ಮನಿ ಗಂಜಿ ಉಂಡು
ದ್ಯಾಮಕ್ಕಗ ಅವ್ವಾ ಅನ್ನಾಕ ಹತ್ತಿತ್ತು.
ಅಂದೆ.

ಡೋನಾ ಪಾವ್ಲಾದ ಬಂಗಲೆದಾಗಿನ ಆ ಸರ
ತಗೊಂಡಿದ್ನೋ ಇಲ್ಲೋ, ಯಾರೂ ಕೇಳಲಿಲ್ಲ.
ಕೇಳಿದ್ದು, ಒಪ್ತೀಯೇನು ಅಂತ.
ಎರಡೂ ಬ್ಯಾರೆ ಪ್ರಶ್ನೆ. ನಡುವ ಒಂದು ಹೊಳಿ ಐತಿ,
ಅದಕ್ಕ ಸೇತುವಿ ಇಲ್ಲ, ಫೆರಿ ಇಲ್ಲ,
ಐದನೇ ವರ್ಷ ಈಸಾಕ ಹತ್ತೀನಿ.

ಬೋಗ್ಮಾಳೋದ ಹೋಟ್ಲಿನಾಗ ಹಾಸಿಗಿ ಹಾಸೋ ಕೆಲಸ
ನಾಲ್ಕು ದಿನ ಮಾಡಿದೆ.
ನಮ್ಮೂರಾಗ ಬುತ್ತಿ ಕಟ್ಟಿದ್ಹಂಗ
ಚಾದರದ ಮೂಲಿ ಮಡಚಿ ಒಳಗ ತುರುಕೋದು.
ಮ್ಯಾಲಿನ ಬಾಯಿ ಫಿಲೋಮಿನಾ ಒಂದು ರೂಪಾಯಿ ಒಗೆದು ನೋಡಿದ್ಲು,
ಪುಟಿದು ಬಂತು ರೂಪಾಯಿ. ಬರೆಂ, ಅಂದ್ಲು ನಕ್ಕು.
ಐದನೇ ದಿನ ಪೊಲೀಸ್ ವೆರಿಫಿಕೇಶನ್ ಬಂತು.
ನಗು ಎಲ್ಲಿಟ್ಲೋ.
ನಾಲ್ಕು ದಿನದ ಪಗಾರ ಲಕೋಟಿಯೊಳಗ,
ಲಕೋಟಿ ಮ್ಯಾಲ ನನ್ನ ಹೆಸರು, ಪೆನ್ಸಿಲಿನಾಗ.

ಝುವಾರಿನಗರದ ಏಜಂಟ ಬಂದ.
ಬ್ಯಾರೆ ಹೆಂಗಸಿನ ಆಧಾರ್ ಕೊಡ್ತೀನಿ,
ಫೋಟೋ ಹೆಂಗೂ ನಿನ್ಹಂಗ ಐತಿ,
ಆಕಿ ಹೆಸರಿಲೆ ದುಡಿ, ಅರ್ಧ ನಂದು.
ನೋಡಿದೆ. ಫೋಟೋ ನನ್ಹಂಗ ಇತ್ತು, ಖರೇ.
ಬಡವಿ ಫೋಟೋ ಎಲ್ಲಾ ಒಂದ ಥರ ಬರ್ತಾವ.
ಆದ್ರ ಹೆಸರೂ ಕೊಟ್ರ ಉಳಿಯೋದೇನು?
ಒಲ್ಲೆ ಅಂದೆ. ಆ ತಿಂಗಳು ಬಾಡಿಗಿ ಬಾಕಿ ಬಿತ್ತು.

ಸಿಗಡಿ ಕಾಗದ ಕೇಳೂದಿಲ್ಲ.
ಖಾರಿವಾಡೋ ಜೆಟ್ಟಿ, ಕಿಲೋಕ್ಕ ಇಪ್ಪತ್ತು,
ನಸುಕಿನಿಂದ ಕುಂತ್ರ ಹದಿನೈದು ಕಿಲೋ.
ಬೆರಳ ತುದಿ ನೆನೆಸಿದ ಅವಲಕ್ಕಿ ಆಗ್ತಾವ.
ಜೂನ್, ಜುಲೈ ಬೋಟು ನಿಲ್ತಾವ. ಒಲಿನೂ.

ಭಾಗ್ಯಶ್ರೀ ಈಗ ಐದನೇತ್ತ.
ಸಿಲಿಂಡರ್ ಮ್ಯಾಲ ಕುಂತು ಲೆಕ್ಕ ಮಾಡ್ತಾಳ.
ಒಂದು ಕೊಟ್ಟೆ: ಹದಿನೇಳು ಸಾವಿರ ಗುಣಿಸು ಹನ್ನೆರಡು,
ಅದರಾಗ ಕಳಿ, ಆರೂವರಿ ಸಾವಿರ ಗುಣಿಸು ಹತ್ತು,
ಬಂದದ್ದನ್ನ ನಾಲ್ಕರಿಂದ ಗುಣಿಸು.
ನಾಲಿಗಿ ಹಲ್ಲಾಗ ಕಚ್ಚಿಕೊಂಡು ಮಾಡಿದ್ಲು:
ಐದು ಲಕ್ಷ ಐವತ್ತಾರು ಸಾವಿರ.
ಯಾರ ರೊಕ್ಕ ಅವ್ವಾ ಇದು?
ಯಾರದೂ ಅಲ್ಲ ತಂಗೀ, ಲೆಕ್ಕದ್ದು.
ಎಫ್‌ಐಆರಿನಾಗ ಸರದ ಕಿಮ್ಮತ್ತು ಅರವತ್ತು ಸಾವಿರ.
ಒಂಬತ್ತು ಸರ ಮುಟ್ಟಿಸೀನಿ, ಹತ್ತನೇದಕ್ಕ ಕೈ ಹಚ್ಚೀನಿ,
ಇನ್ನೂ ಕಳ್ಳಿ.

ಪುಸ್ತಕ ತೆಗೆದು ಜೋರಾಗಿ ಓದ್ತಾಳ:
ಬಸ್ಸು ಹೋಯ್ತು. ಬೆಳಕು ಹೋಯ್ತು.
ನಮ್ಮೂರಾಗ ನಾವು ಹೋತು ಅಂತೀವಿ,
ಬುಕ್ಕಿನ ಕನ್ನಡ ನಂಗೊತ್ತಿರಲಿಲ್ಲ.
ಈಗ ತಿಳೀತು. ಕೋರ್ಟಿನಾಗ ನಾ ಅಂದದ್ದು
ಆ ಮಾತಿನ ಮುಂದಿನ ತುಂಡು ಅಷ್ಟ,
ಉಳಿದದ್ದನ್ನ ಕಾಗದ ತಾನ ಬರಕೊಂತು.

ನಿನ್ನೆ ನಸುಕಿನಾಗ, ಇನ್ನೂ ಕತ್ತಲಿ,
ಬೋಟಿನ ಮ್ಯಾಲಿಂದ ತಾಂಡೇಲ ಒದರಿದ:
ಹೋಯ್! ಬರ್ರಿ, ನಾಲ್ಕು ಮಂದಿ ಬೇಕು!
ಎಲ್ಲಾರೂ ಬುಟ್ಟಿ ಎತ್ತಿಕೊಂಡು ಓಡಿದ್ರು.
ನಾ ಐಸಿನ ಪೆಟ್ಟಿಗಿ ಮ್ಯಾಲಿಂದ ಏಳಲಿಲ್ಲ.
ಮೊದಲ ರೇಟು ಹೇಳು, ಅಂದೆ.
ಬ್ಯಾಟರಿ ಬೆಳಕು ಮುಖದ ಮ್ಯಾಲ ಬಿಟ್ಟು
ಅಂವ ಒಂದು ಗಳಿಗಿ ನೋಡಿದ.

ಇಪ್ಪತ್ತೆರಡು, ಅಂದ.
ಎದ್ದೆ.