ಬಲಗಡೆ ಖಾಲಿ

ಯಾವ ಪಟ್ಟಿ ಕೊಟ್ಟರೂ ನಾನು ಬಲಗಡೆಯಿಂದಲೇ ಓದುವವಳು.
ಮೂವತ್ತೊಂದು ವರ್ಷ ಖಜಾನೆಯಲ್ಲಿ ಕೂತ ಕಣ್ಣು;
ಅಂಕಿ ಮೊದಲು, ಅಕ್ಷರ ಆಮೇಲೆ.
ಸೀರೆಯಂಗಡಿಯಲ್ಲಿ ಸೆರಗಿಗಿಂತ ಮುಂಚೆ ಚೀಟಿ ತಿರುವುತ್ತೇನೆ,
ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರಿಗಿಂತ ಮುಂಚೆ ಬಿಲ್ಲು.

ಲಿಯೋನಿನಲ್ಲಿ, ಸೋನ್ ನದಿಯ ದಂಡೆಯಲ್ಲಿ,
ಹನ್ನೆರಡೂವರೆಗೆ ಸರಿಯಾಗಿ ಬಾಗಿಲು ತೆರೆದ ಆ ಊಟದ ಮನೆಯಲ್ಲಿ
ಕೋಟು ತೆಗೆದುಕೊಂಡರು, ಕೊಡೆ ತೆಗೆದುಕೊಂಡರು,
ಇವರ ಹೆಗಲ ಚೀಲವನ್ನೂ ಕೇಳಿದರು.
ಪಾಸ್‌ಪೋರ್ಟು ಇದೆ ಅಂತ ಇವರು ಕೊಡಲಿಲ್ಲ,
ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡರು.

ಅರ್ಮೆಲ್ ಅಂತ, ಬಡಿಸುವ ಹುಡುಗ.
ಇಸ್ತ್ರಿಯ ಗೆರೆ ಅವನ ಮಾತಿನಲ್ಲೂ ಇತ್ತು.
ಇವರಿಗೊಂದು ಪಟ್ಟಿ, ನನಗೊಂದು.
ಕಿಟಕಿಯಗಲ, ದಪ್ಪ ಕಾಗದ, ಕೈಬರಹ.
ಅಭ್ಯಾಸದಂತೆ ಬಲಕ್ಕೆ ನೋಡಿದೆ.
ಏನೂ ಇಲ್ಲ.
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದೆ:
ಎಡಗಡೆ ಮೀನು, ಅಣಬೆ, ಕುರಿಮರಿಯ ಹೆಗಲು,
ಬಲಗಡೆ ಬರೀ ಬಿಳಿ,
ಅಂಚಿನವರೆಗೂ.

ಪುಕ್ಕಟೆಯೇನೋ ಅಂದುಕೊಳ್ಳುವಷ್ಟು ದಡ್ಡಿಯಲ್ಲ ನಾನು.
ಆದರೂ ಒಂದು ಗಳಿಗೆ, ನಿಜ ಹೇಳುತ್ತೇನೆ,
ಹಸಿವು ನೇರ ನನ್ನ ಹತ್ತಿರವೇ ಬಂದು ಕೇಳಿತು
ಏನು ಬೇಕು ನಿನಗೆ?
ಮಧ್ಯೆ ಯಾರೂ ಇರಲಿಲ್ಲ.
ಹೇಳಿಬಿಟ್ಟೆ: ಬೆಣ್ಣೆಯಲ್ಲಿ ಬಾಡಿಸಿದ ಅಣಬೆ,
ಕ್ವೆನೆಲ್ (ಹೊಳೆಮೀನನ್ನು ಅರೆದು ಕಟ್ಟಿದ ಕಡುಬು ಅದು,
ಕೆನೆಯೊಳಗೆ ಉಸಿರು ಹಿಡಿದು ಉಬ್ಬಿರುತ್ತದೆ),
ಕೊನೆಗೆ ಗುಲಾಬಿ ಬಣ್ಣದ ಬಾದಾಮಿಯ ಸಿಹಿ.

ಇವರು ಮಾತ್ರ ಪಟ್ಟಿಯ ಹಿಂದೆ ಮಾಯ.
ಕಿವಿಯ ತುದಿ ಕಾಣುತ್ತಿತ್ತು, ಕೆಂಪಗೆ.
ಆಮೇಲೆ ಗಂಟಲು ಸರಿಮಾಡಿಕೊಂಡು, "ನನಗೆ ಸೂಪು ಸಾಕು.
ಬೆಳಿಗ್ಗೆ ತಿಂದದ್ದೇ ಅರಗಿಲ್ಲ."
ಬೆಳಿಗ್ಗೆ ತಿಂದದ್ದು ಅರ್ಧ ಬಾಳೆಹಣ್ಣು.
ಉಳಿದರ್ಧ ಅದೇ ಚೀಲದಲ್ಲಿದೆ.

ಪಕ್ಕದ ಮೇಜಿಗೆ ಒಬ್ಬ ಮುದುಕಿ, ಎದುರಿಗೆ ಮೊಮ್ಮಗ,
ಕಾಲಬುಡದಲ್ಲಿ ಅವರ ನಾಯಿ, ನಮಗಿಂತ ಸಲೀಸಾಗಿ.
ಪಟ್ಟಿ ಕೈಗೆ ಬಂದ ಕೂಡಲೇ ಆಕೆ
ಬಲ ಅಂಚನ್ನು ಬೆರಳಲ್ಲಿ ಟಪ್ಪೆಂದು ತಟ್ಟಿದಳು,
ಮೊಮ್ಮಗನ ಕೈಯಿಂದ ಅವನದನ್ನು ಕಿತ್ತು
ತನ್ನದನ್ನು ಅವನಿಗೆ ತುರುಕಿದಳು.
"ಪಾರ್ದೋಂ, ಮದಾಮ್ ಪೆರ್ನೆ" ಅಂದ ಅರ್ಮೆಲ್.
ಇಸ್ತ್ರಿ ಒಂಚೂರು ಮುದುಡಿತು.
ಭಾಷೆ ಬಾರದಿದ್ದರೂ ಅರ್ಥವಾಯಿತು ನನಗೆ:
ದುಡ್ಡು ಕೊಡುವವಳು ನಾನು, ಅಂಕಿ ನನಗಿರಲಿ.

ಹಾಗಾದರೆ ಇವರ ಪಟ್ಟಿಯಲ್ಲಿ ಅಂಕಿ ಇದೆ!
ನನ್ನ ಮೂವತ್ತೊಂದು ವರ್ಷವನ್ನು ಒಬ್ಬರೇ ಓದುತ್ತಾ ಕೂತಿದ್ದಾರೆ,
ತುಟಿ ಅಲ್ಲಾಡದಂತೆ ತೊಂಬತ್ತರಿಂದ ಗುಣಿಸುತ್ತಾ.
ಈ ಪ್ರವಾಸದ ದುಡ್ಡು ನನ್ನ ಗ್ರಾಚ್ಯುಟಿಯದು.
ಅದನ್ನೂ ಹೇಳಿಬಿಡುತ್ತೇನೆ.

ಕೈ ಚಾಚಿದೆ. ಕೊಡಲಿಲ್ಲ.
ಮೇಜಿನಡಿ ಕಾಲು ತುಳಿದೆ. ಕೊಟ್ಟರು.
ಒಂದು ತಟ್ಟೆ ಅಣಬೆಗೆ ನಮ್ಮ ಮನೆಯ ಎರಡು ತಿಂಗಳ ಹಾಲು.
ನೋಡಿದೆ, ಮಡಚಿದೆ, ಅದರ ಮೇಲೆ ಮೊಣಕೈ ಊರಿದೆ.
ನನ್ನದನ್ನು ಅವರ ಕೈಗಿತ್ತು
"ಇದರಲ್ಲಿ ಓದಿ ಹೇಳಿ" ಅಂದೆ.

ಎಷ್ಟು ಹೊತ್ತು ಓದಿದರು!
ಒಂದೊಂದು ಹೆಸರಿಗೂ ಬೆರಳಿಟ್ಟು, ತಪ್ಪುತಪ್ಪಾಗಿ ಉಚ್ಚರಿಸಿ,
ಅರ್ಮೆಲ್ ತಿದ್ದಿದರೆ ಇನ್ನೊಮ್ಮೆ ಹೇಳಿ,
ಕುರಿಮರಿಯ ಹೆಗಲಿನ ಹತ್ತಿರ ಬಂದು ನಿಂತರು.
ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿರಲಿಲ್ಲ
ಇವರಿಗೆ ಅದರ ಆಸೆ ಅಂತ.
ಇವರಿಗೂ ಗೊತ್ತಿರಲಿಲ್ಲವಂತೆ.

ಚೀಲ ತೊಡೆಯಿಂದಿಳಿದು ನೆಲಕ್ಕೆ ಬಂತು.
ಮದಾಮ್ ಪೆರ್ನೆಯ ನಾಯಿ ಮೂಸಿ ನೋಡಿ,
ಬಾಳೆಹಣ್ಣು ಅಂತ ಗೊತ್ತಾಗಿ, ಮುಖ ತಿರುಗಿಸಿತು.

ಬಿಳಿ ಮೇಜುಬಟ್ಟೆಯ ಮೇಲೆ ಕೆನೆ ಚೆಲ್ಲಿದ್ದು ನಾನೇ.
ಅರ್ಮೆಲ್ ಏನೂ ಅನ್ನದೆ ಇನ್ನೊಂದು ಬಿಳಿ ತಂದು
ಕಲೆಯ ಮೇಲೆ ಹಾಸಿದ, ಅಂಚು ಸರಿಮಾಡಿದ,
ಬೆಳ್ಳಿಯ ಅಲಗಿನಿಂದ ಬ್ರೆಡ್ಡಿನ ಚೂರು ಗೋರಿಕೊಂಡು ಹೋದ.
ಕಿಟಕಿಯಾಚೆ ಮರಳು ಹೊತ್ತ ದೋಣಿಯೊಂದು
ಸೇತುವೆಯಡಿ ಹೊಕ್ಕು ಬಹಳ ಹೊತ್ತು ಹೊರಬರಲಿಲ್ಲ.

ಬಿಲ್ಲು ತಂದವನು ಎಲ್ಲಿಡಲಿ ಅಂತ ಅನುಮಾನಿಸಿದ.
ಕೈ ತೋರಿಸಿದೆ.
ಕನ್ನಡಕ ಹಾಕಿಕೊಂಡು ಕೆಳಗಿನಿಂದ ಮೇಲಕ್ಕೆ ಕೂಡಿದೆ.
ಸರಿಯಿತ್ತು.