ಮುದ್ರೆ

ಬದಿಯಡ್ಕದ ಅಂಚೆ ಕಚೇರಿಯಲ್ಲಿ
ಮೂವತ್ತೆರಡು ವರ್ಷ ಮುದ್ರೆ ಒತ್ತಿದ ಕೈ
ಕುಂಞಿರಾಮ ಬೆಳ್ಚಪ್ಪಾಡರದು.
ಈಗಲೂ ಮಾತಿನ ನಡುವೆ
ಮುಷ್ಟಿ ಮೇಜಿಗೆ ಬಡಿಯುತ್ತದೆ, ಧಡ್.

ಹಳೇ ಲೆಕ್ಕಪುಸ್ತಕದಲ್ಲಿ
ಗಂಜಿ ಹಚ್ಚಿ ಅಂಟಿಸಿದ ಸ್ಟಾಂಪುಗಳು:
ಮಾರಿಷಸ್, ಹಂಗೇರಿ, ಮಾಲಿ,
ಓದಲು ಬಾರದ ಇನ್ನೆರಡು ಲಿಪಿ.
ಎಲ್ಲದರಲ್ಲೂ ಅದೇ ಬೋಳುತಲೆ, ಅದೇ ದುಂಡು ಕನ್ನಡಕ,
ಎಲ್ಲದರ ಮೇಲೂ ಕಪ್ಪು ಪೆಟ್ಟು.
ಒಂದೂರಲ್ಲಿ ಹಣೆಗೆ,
ಒಂದೂರಲ್ಲಿ ಸರಿಯಾಗಿ ಬಾಯಿಗೆ.

"ನಾನೂ ಹೊಡೆದವನೇ, ದಿನಕ್ಕೆ ಮುನ್ನೂರು ಸಲ.
ಮೊದಮೊದಲು ಪಾಪ ಅನಿಸುತ್ತಿತ್ತು.
ಪೆಟ್ಟು ಬೀಳದೆ ಕಾಗದ
ಊರು ಬಿಟ್ಟು ಹೋಗುವುದಿಲ್ಲ ಮಾರಾಯ್ರೆ."

ನಿನ್ನೆ ಏಳನೇ ಕ್ಲಾಸಿನ ಮಕ್ಕಳು ಬಂದಿದ್ದರು.
ಕನ್ನಡ ಬಾರದ ಮಾಸ್ಟ್ರು ಲೆಕ್ಕ ಹೇಳುವಾಗ
ಹದಿನೇಳು ದಿನ ಪೆನ್ನು ಮುಟ್ಟದೆ ಕೂತವರು;
ಬೆಳಗಿನ ನಮಸ್ಕಾರ ಮಾತ್ರ
ಒಂದು ದಿನವೂ ತಪ್ಪಿಸಲಿಲ್ಲವಂತೆ.

ತಿರುವನಂತಪುರಕ್ಕೆ ನಲವತ್ತೊಂದು ಕಾರ್ಡು.
ಒಳಗೆ ಅವರ ಕನ್ನಡ, ಕೊಂಬು ಒತ್ತು ತಪ್ಪಿದ್ದು.
ವಿಳಾಸ ಇವರು ಬರೆದರು, ಮಲೆಯಾಳದಲ್ಲಿ,
ಒಂದೊಂದಾಗಿ, ಸಂಜೆಯವರೆಗೆ.

ಕೊನೆಯದು ಮುಗಿದಾಗ
ಅಭ್ಯಾಸಬಲದಿಂದ ಮುಷ್ಟಿ ಎದ್ದಿತು.
ಮುದ್ರೆ ಇರಲಿಲ್ಲ ಅದರಲ್ಲಿ.
ಕಾರ್ಡುಗಳ ಮೇಲೆ ಅಂಗೈ ಇಟ್ಟು
ಸ್ವಲ್ಪ ಹೊತ್ತು ಹಾಗೇ ಕೂತರು.