ಹನ್ನೊಂದನೇ ಕಲಮು

ಹೆಡ್ಡಾಫೀಸಿನಿಂದ ನಮೂನೆ ಬಂದಿದೆ.
ಹನ್ನೊಂದನೇ ಕಲಮು ಕೇಳುತ್ತದೆ:
"ಅರ್ಧ ಮನೆ, ಅರ್ಧ ಕಚೇರಿಯ ಈ ಪದ್ಧತಿಯಲ್ಲಿ
ತಂಡದ ಸಂಸ್ಕೃತಿ ಕಾಪಾಡಲು ಕೈಗೊಂಡ ಕ್ರಮಗಳೇನು?
ನೂರು ಪದ ಮೀರದಂತೆ ಬರೆಯಿರಿ."

ಹಾಸನ, ಸಾಲಗಾಮೆ ರಸ್ತೆ, ಟೈರಂಗಡಿಯ ಮೇಲಿನ ಮಹಡಿ.
ಎಂಟು ಕುರ್ಚಿ, ಆರು ಜನ.
ಹಾಲಿನ ಸೊಸೈಟಿಗಳ ಲೆಕ್ಕ ನಮ್ಮದು:
ಯಾವ ಊರು, ಎಷ್ಟು ಲೀಟರು, ಎಷ್ಟು ಫ್ಯಾಟು.
ಮಂಗಳವಾರ ಮಾತ್ರ ಬೀಗ ತೆಗೆಯುತ್ತೇವೆ.
ಟೈರಿನ ಹುಚ್ಚೇಗೌಡರು ಕೆಳಗಿನಿಂದಲೇ ನಗುತ್ತಾರೆ,
"ನಿಮ್ದೂ ಹಾಸನಾಂಬೆ ಬಾಗ್ಲು ಕಣಮ್ಮ,
ಒಳಗೆ ದೀಪ ಉರೀತಾ ಇರುತ್ತಾ?"
ಉರೀತಾ ಇರುತ್ತೆ, ಮೋಡೆಮ್ಮಿನದು, ಹಸಿರು.

ಉಳಿದ ದಿನ ನಾವು ಬರೀ ಸದ್ದುಗಳು.
ಫಿಲೋಮಿನಾ ಎಂದರೆ ಆಲೂರಿನ ಕುಕ್ಕರಿನ ಮೂರನೇ ಕೂಗು.
ಚೆನ್ನಿಗರಾಯ ಎಂದರೆ ಅರಸೀಕೆರೆಯ ರೈಲು;
ಅದು ಹಾದುಹೋಗುವ ತನಕ ಮೀಟಿಂಗು ಕಾಯುತ್ತದೆ,
ಗೇಟಿನಲ್ಲಿ ಒಂದು ಕಾಲೂರಿ ನಿಂತ ಬೈಕುಗಳ ಹಾಗೆ.
ಯೂನುಸ್ ಎಂದರೆ ದುಂಡಗಿನ ನೀಲಿ ಬಿಲ್ಲೆಯಲ್ಲಿ ಒಂದು ಅಕ್ಷರ.
ಅವನ ಮನೆಯಲ್ಲಿ ಏನು ಸದ್ದಾಗುತ್ತದೋ, ಆಗುವುದೇ ಇಲ್ಲವೋ,
ನಾನು ಕೇಳಿರಲಿಲ್ಲ.

ಮುಂಚೆ ತಪ್ಪು ಸಿಕ್ಕರೆ
ಕುರ್ಚಿ ಎಳೆದುಕೊಂಡು ಪಕ್ಕ ಕೂತು
"ಇಲ್ನೋಡು, ಸೊನ್ನೆ ಒಂದು ಜಾಸ್ತಿ ಬಿದ್ದಿದೆ" ಅಂದರೆ ಮುಗೀತು.
ಅವನು ತಲೆ ಕೆರೆದುಕೊಳ್ಳುತ್ತಿದ್ದ,
ನಾನು ಎದ್ದು ಹೋಗುವಾಗ ಮೇಜು ತಟ್ಟಿ ಹೋಗುತ್ತಿದ್ದೆ.
ಗುಂಪಿನಲ್ಲಿ ತಟ್ಟಲು ಮೇಜಿಲ್ಲ.
ರಾತ್ರಿ ಒಂಬತ್ತು ಹದಿನಾಲ್ಕಕ್ಕೆ
ಶಾಂತಿಗ್ರಾಮದ ಲೆಕ್ಕಕ್ಕೆ ಕೆಂಪು ಸುತ್ತು ಎಳೆದು
"ಯೂನುಸ್, ಇದೇನಿದು?" ಎಂದು ಹಾಕಿದೆ.
ಐವರು ನೋಡಿದರು. ಒಂದು ಹೆಬ್ಬೆರಳು ಬಂತು.
ಅಷ್ಟೆ.

ಹಾಲು ಕೆಡುವುದೂ ಹಾಗೇ, ಸದ್ದಿಲ್ಲದೆ.
ಒಲೆಗಿಟ್ಟ ಮೇಲೇ ಗೊತ್ತಾಗುವುದು.

ಮಂಗಳವಾರ ಅವನು ಊಟಕ್ಕೆ ಬರಲಿಲ್ಲ.
ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ್ದ,
ಟೈರುಗಳ ಕಡೆ ಮುಖ ಮಾಡಿ.
ಹೋಗಿ ಪಕ್ಕ ಕೂರಬಹುದಿತ್ತು.
ಚೆಲ್ಲಿದ್ದು ಎಲ್ಲೋ, ಒರೆಸುವುದು ಇನ್ನೆಲ್ಲೋ
ಆಗಬಾರದು ಅನ್ನಿಸಿತು.
ಅಳಿಸಿದರೂ "ಅಳಿಸಲಾಗಿದೆ" ಎಂಬುದು ಉಳಿಯುತ್ತದೆ,
ಗೋಡೆಯಿಂದ ಫೋಟೊ ಇಳಿಸಿದ ಮೇಲಿನ ಬಿಳೀ ಚೌಕದಂತೆ.

ಎಲ್ಲರೂ ಹೋದ ಮೇಲೆ ಬೀರುವಿನ ತಳದಿಂದ
ಹದಿನೇಳು ವರ್ಷದ ಹಿಂದಿನ ಲೆಡ್ಜರು ತೆಗೆದೆ.
ದುದ್ದದ ಸೊಸೈಟಿ. ಮುನ್ನೂರ ನಲವತ್ತು ಲೀಟರಿಗೆ
ಮೂರು ಸಾವಿರದ ನಾನೂರು ಬರೆದು
ಇಡೀ ಊರಿನ ಎಮ್ಮೆಗಳನ್ನು ಹತ್ತರಿಂದ ಗುಣಿಸಿದ್ದೆ.
ನನ್ನದೇ ಕೈಬರಹ. ನಾನೇ ಎಳೆದ ಕೆಂಪು ಸುತ್ತು.
ಫೋಟೊ ಹಿಡಿದು, ಗುಂಪಿನಲ್ಲೇ, ಕೆಳಗೆ ಬರೆದೆ:
"ಯೂನುಸ್, ಮೊನ್ನೆ ಹೇಳಿದ್ದು ಸರಿ. ಹೇಳಿದ ಜಾಗ ಸರಿಯಲ್ಲ."

ಹತ್ತು ನಿಮಿಷ ಯಾರೂ ಇಲ್ಲ.
ಆಮೇಲೆ ಚೆನ್ನಿಗರಾಯ,
"ನಂದು ಅದಕ್ಕಿಂತ ದೊಡ್ಡದು ಮೇಡಂ,
ಇಲ್ಲಿ ಬರೆದ್ರೆ ಆಡಿಟ್ಟಿನೋರು ನೋಡ್ತಾರೆ,
ಮಂಗಳವಾರ ಹೇಳ್ತೀನಿ."

ಹೇಳಿದ. ಸೌತೆಕಾಯಿ ಹೆಚ್ಚುತ್ತಿದ್ದ ಫಿಲೋಮಿನಾ
ಚಾಕು ನಿಲ್ಲಿಸಿ ಕಣ್ಣೀರು ಬರುವಷ್ಟು ನಕ್ಕಳು.
ಯೂನುಸ್ ನಗಲಿಲ್ಲ. ಆದರೆ ಒಳಗೆ ಕೂತಿದ್ದ,
ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ.
ಉಪ್ಪಿನ ಪೊಟ್ಟಣ ಈ ಕಡೆ ತಳ್ಳಿ ಅಂದ.
ತಳ್ಳಿದೆ.
ಅವನ ಮನೆಯ ಸದ್ದು ಇವತ್ತಿಗೂ ನನಗೆ ಗೊತ್ತಿಲ್ಲ.

ನೂರು ಪದ ಯಾವಾಗಲೋ ಮೀರಿತು.
ಎಲ್ಲ ಹೊಡೆದು ಹಾಕಿ ಬರೆಯುತ್ತೇನೆ:
ವಾರಕ್ಕೆ ಮೂರು ಸೌತೆಕಾಯಿ, ಒಂದು ಚಾಕು,
ಉಪ್ಪು.

ಹನ್ನೆರಡನೇ ಕಲಮು: ಖರ್ಚಿನ ರಸೀದಿ ಲಗತ್ತಿಸಿ.
ಸಂತೆಪೇಟೆಯ ಸಣ್ಣಮ್ಮ ರಸೀದಿ ಕೊಡುವವಳಲ್ಲ.